ಹದಿನಾಲ್ಕು ದಿನದ ಮೆಕ್ಕೆಜೋಳ

ಭಾನುವಾರ ಬೆಳಗ್ಗೆ ಏಳೂಕಾಲಿಗೆ ನಮ್ಮ ಮನೆ ಗುಂಪಿಗೆ ದೊಡ್ಡಪ್ಪ ಒಂದು ಮೆಸೇಜ್ ಹಾಕಿದರು. ಮೇಲೆ ಎರಡು ಬಾಣ. ಅಂದರೆ ಊರೆಲ್ಲಾ ಸುತ್ತಿ ಸುಸ್ತಾಗಿ ನಮ್ಮ ಮನೆ ಬಾಗಿಲಿಗೆ ಬಂದದ್ದು.

"ಎಚ್ಚರ! ಎಚ್ಚರ! ಯುವಕರು ಹೊಲ ಬಿಟ್ಟು ಮೊಬೈಲಿನಲ್ಲಿ ಹೊಲ ಉಳುತ್ತಿದ್ದಾರೆ. ಈ ವಿದೇಶಿ ಗೇಮಿನಲ್ಲಿ ಹೇಳಿದ ಹೊತ್ತಿಗೆ ಕೊಯ್ಯದಿದ್ದರೆ ಬೆಳೆ ಒಣಗಿ ಹೋಗುತ್ತದೆ. ಅದಕ್ಕೆ ಮಕ್ಕಳು ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಏಳುತ್ತಿದ್ದಾರೆ. ಹತ್ತು ಗುಂಪಿಗೆ ಕಳಿಸಿ, ಒಂದು ಮನೆ ಉಳಿಸಿ."

ಕೆಳಗೆ ದೊಡ್ಡಪ್ಪನದೇ ಒಂದು ಸಾಲು. "ನಮ್ಮ ಮನೆಯಲ್ಲೂ ಇದ್ದಾರೆ. ಹೆಸರು ಹೇಳಲ್ಲ."

ಹೇಳಬೇಕಾಗಿಯೂ ಇರಲಿಲ್ಲ. ಹೋದ ತಿಂಗಳು ಹರಿಹರದಲ್ಲಿ ನಾಮಕರಣಕ್ಕೆ ಹೋಗಿದ್ದೆವು. ಊಟದ ಪಂಕ್ತಿಗೆ ಕಾಯುತ್ತಾ ನಾನು ಮೊಬೈಲಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದೆ. ಹಿಂದಿನಿಂದ ಬಂದ ದೊಡ್ಡಪ್ಪ, "ಏನೋ ಇದು, ಬದನೆ ಗಿಡಾನಾ?" ಎಂದರು. ಟೊಮೆಟೊ ಎಂದೆ. ಅಲ್ಲಿಗೆ ನನ್ನ ಕೇಸು ಮುಗಿದಿತ್ತು.

ಮೊದಲು ಬಂದದ್ದು ಅಕ್ಕ. ಚಿತ್ರದುರ್ಗದಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಕೊರೊನಾ ಕಾಲದಲ್ಲಿ ದೊಡ್ಡಪ್ಪ ಹಾಕಿದ ಕಷಾಯದ ಮೆಸೇಜಿನಿಂದ ಶುರುವಾಗಿ ಇವತ್ತಿನವರೆಗೆ ಅವಳು ಈ ಗುಂಪಿನಲ್ಲಿ ಟೈಪ್ ಮಾಡಿದ್ದು ಹೆಚ್ಚುಕಡಿಮೆ ಒಂದೇ ಸಾಲು. "ಇದರ ಮೂಲ ಏನು?"

"ಮೂಲ ಏನಮ್ಮ ಮೂಲ. ಕಣ್ಣಿಗೆ ಕಾಣ್ತಿಲ್ವಾ?" ಎಂದರು ದೊಡ್ಡಪ್ಪ.

"ಯಾವ ಗೇಮ್? ಯಾವ ಊರಿನ ಮಕ್ಕಳು? ಯಾವಾಗ?"

"ಎಲ್ಲದಕ್ಕೂ ರುಜುವಾತು ಕೇಳಬಾರದು. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಮೇಟಿ ಹಿಡಿಯೋ ಕೈ ಮೊಬೈಲ್ ಹಿಡಿದರೆ ದೇಶದ ಗತಿ ಏನು?"

ದೊಡ್ಡಪ್ಪ ಮೂವತ್ತೈದು ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಅವರ ಕೈ ಹಿಡಿದದ್ದು ಸೀಮೆಸುಣ್ಣ. ಇದನ್ನು ಗುಂಪಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಆಮೇಲೆ ಯಾರೂ ಎಣಿಸದ ಕಡೆಯಿಂದ ಸಾಕ್ಷಿ ಬಂತು. ಪುಣೆಯಲ್ಲಿರುವ ಅತ್ತಿಗೆ, ಅಂದರೆ ದೊಡ್ಡಪ್ಪನ ಸ್ವಂತ ಸೊಸೆ.

"ಮಾವ, ಅದು ನಾನು."

ಐದು ನಿಮಿಷ ಗುಂಪು ಗಪ್‌ಚಿಪ್.

"2010ರಲ್ಲಿ. ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಅಂತ ಇತ್ತಲ್ಲ. ಸ್ಟ್ರಾಬೆರಿ ಹಾಕಿದರೆ ನಾಲ್ಕು ಗಂಟೆಗೆ ಹಣ್ಣು. ಅಡಿಗೆಮನೆ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬಿತ್ತುತ್ತಿದ್ದೆ. ಎರಡಕ್ಕೆ ಏಳಲೇಬೇಕು. ಬೆಳಗ್ಗೆವರೆಗೆ ಬಿಟ್ಟರೆ ಎಲ್ಲಾ ಒಣಗಿ ಕೂತಿರುತ್ತಿತ್ತು."

ಹತ್ತಕ್ಕೆ ನಾಲ್ಕು ಸೇರಿಸಿದರೆ ಎರಡು. ದೊಡ್ಡಪ್ಪನ ಮೆಸೇಜಿನ ಆ ರಾತ್ರಿ ಎರಡು ಗಂಟೆಗೆ ನಮ್ಮ ಮನೆಯಲ್ಲೇ ಲೆಕ್ಕ ಸಿಕ್ಕಿತು. ಫಾರ್ಮ್‌ವಿಲ್ 2009ರ ಜೂನಿನಲ್ಲಿ ಶುರುವಾಗಿ 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಈ ಎಚ್ಚರಿಕೆ ಹುಟ್ಟಿದ್ದು ಆ ಆಟದಿಂದಲೇ ಆಗಿದ್ದರೆ, ನಮ್ಮ ಗುಂಪಿಗೆ ಬರುವ ಹೊತ್ತಿಗೆ ಹೊಲವೇ ಇರಲಿಲ್ಲ.

ಆದರೆ ಅತ್ತಿಗೆಗೆ ಹೇಳಬೇಕಿದ್ದದ್ದು ಬೇರೆ. "ಅವತ್ತು ನೆರೆಹೊಲದವರಾಗಿ ಬನ್ನಿ ಅಂತ ಎಲ್ಲರಿಗೂ ರಿಕ್ವೆಸ್ಟ್ ಕಳಿಸಿದ್ದೆ. ಮದುವೆಯಾಗಿ ಹೊಸದಾಗಿ ಬಂದವಳು. ಒಬ್ಬರೂ ಒಪ್ಪಿಕೊಳ್ಳಲಿಲ್ಲ. ಕೆಲವರು ಬ್ಲಾಕ್ ಕೂಡ ಮಾಡಿದ್ರು."

"ಕೆಲವರು ಅಂದ್ರೆ?" ಎಂದಳು ಅಕ್ಕ.

"ಮೂಲ ಕೇಳಬೇಡ. ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೀನಿ."

ದಿನಕ್ಕೆ ನಲವತ್ತು ನೋಟಿಫಿಕೇಶನ್ ಬರುತ್ತಿತ್ತು, ನೆಟ್‌ಪ್ಯಾಕಿಗೆ ದುಡ್ಡು ಯಾರು ಕೊಡುತ್ತಿದ್ದರು ಎಂದು ಅಕ್ಕ ಕೇಳಿದಳು. ದುಡ್ಡಿನ ಮಾತು ಬಂದರೆ ಸೀಮಂತದ ಸೀರೆಯ ಮಾತೂ ಬರುತ್ತದೆ ಎಂದಳು ಅತ್ತಿಗೆ. ಆ ಸೀರೆಯ ಕಥೆ ನನಗೆ ಪೂರ್ತಿ ಗೊತ್ತಿಲ್ಲ. ಗೊತ್ತಿದ್ದವರೆಲ್ಲಾ ಟೈಪಿಂಗ್ ಎಂದು ತೋರಿಸಿ ನಿಲ್ಲಿಸಿಬಿಟ್ಟರು.

ಜಗಳ ತಣ್ಣಗೆ ಮಾಡೋಣ ಎಂದು ನಾನು ಬಾಯಿ ಹಾಕಿದೆ. ಅದೇ ತಪ್ಪಾಯಿತು.

ನಾನು ಆಡುವುದು ಅದಲ್ಲ, ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇರೆ ಆಟ, 2016ರಲ್ಲಿ ಬಂದದ್ದು ಎಂದು ಬರೆದೆ. ಎರಿಕ್ ಬರೋನ್ ಎಂಬ ಒಬ್ಬನೇ ಹುಡುಗ ನಾಲ್ಕೂವರೆ ವರ್ಷ ಕೂತು ಮಾಡಿದ್ದು. ಚಿತ್ರ ಅವನದೇ, ಸಂಗೀತ ಅವನದೇ. ಮೊಬೈಲ್ ಮುಚ್ಚಿಟ್ಟರೆ ಹೊಲವೂ ನಿಂತು ಕಾಯುತ್ತದೆ. ಒಂದು ದಿನ ನೀರು ಹಾಕದಿದ್ದರೆ ಗಿಡ ಸಾಯಲ್ಲ, ಬೆಳೆಯುವುದಿಲ್ಲ ಅಷ್ಟೆ. ಅದರಲ್ಲೂ ರಾತ್ರಿ ಎರಡು ಗಂಟೆ ಎಂಬುದು ಇದೆ. ಆದರೆ ಅದು ಉಲ್ಟಾ. ಅಷ್ಟು ಹೊತ್ತಿಗೆ ಮಲಗಿರದಿದ್ದರೆ ನಮ್ಮ ರೈತ ಎಚ್ಚರ ತಪ್ಪಿ ಬೀಳುತ್ತಾನೆ. ಮನೆಯ ಹೊರಗೆ ಬಿದ್ದರೆ ಒಂದಿಷ್ಟು ದುಡ್ಡೂ ಹೋಗುತ್ತದೆ. ಬೇಗ ಮಲಗು ಎಂದು ಹೇಳುವ ಗೇಮ್ ಇದು ದೊಡ್ಡಪ್ಪ ಎಂದೆ.

ನಾನು ಆಡುವುದು ದಿನಕ್ಕೆ ಒಂದೇ ದಿನ. ಅಲ್ಲಿನ ಒಂದು ದಿನಕ್ಕೆ ನಮ್ಮ ಸುಮಾರು ಹದಿನಾಲ್ಕು ನಿಮಿಷ. ಅಕ್ಕಿ ಗಿರಣಿಯ ಲೆಕ್ಕ ಬರೆದು ವಿದ್ಯಾನಗರದ ರೂಮಿಗೆ ಬರುತ್ತೇನೆ. ಉಂಡು, ನೀರು ಹಾಕಿ, ನಾಯಿ ತಲೆ ಸವರಿ, ಸಂಜೆ ನದಿ ದಂಡೆಯಲ್ಲಿ ಒಂದು ಮೀನು ಹಿಡಿದು ಮಲಗುತ್ತೇನೆ. ಮೊದಲ ವರ್ಷದಲ್ಲೇ ಎಲ್ಲಾ ಮುಗಿಸಬೇಕು ಎಂದು ನಿಮಿಷ ನಿಮಿಷಕ್ಕೆ ಪಟ್ಟಿ ಹಾಕಿ ಆಡುವವರೂ ಇದ್ದಾರೆ. ಇಡೀ ದಿನ ಪಟ್ಟಿ ಬರೆಯುವ ನನಗೆ ರಾತ್ರಿಯೂ ಯಾಕೆ ಪಟ್ಟಿ? ಇದನ್ನು ಗುಂಪಿಗೆ ಬರೆಯಲಿಲ್ಲ.

ಇಷ್ಟರಲ್ಲಿ ಚಿಕ್ಕಪ್ಪ ಬಂದರು. ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಫಾರ್ವರ್ಡ್ ಓದಿರಲಿಲ್ಲ, ಅತ್ತಿಗೆಯದೂ ಓದಿರಲಿಲ್ಲ. ಕೇಳಿದ್ದು ಇಷ್ಟೇ. "ಈಗ ಏನು ಬೆಳೆ ಹಾಕಿದ್ದೀಯ?"

"ಮೆಕ್ಕೆಜೋಳ."

"ಎಷ್ಟು ದಿನದ್ದು?"

"ಹದಿನಾಲ್ಕು."

"ಹದಿನಾಲ್ಕು ದಿನಕ್ಕಾ! ಯಾವ ಕಂಪನಿ ಬೀಜ?"

ನಮ್ಮ ಸೀಮೆಯಲ್ಲಿ ನಾಲ್ಕು ತಿಂಗಳು ಮಳೆ ನೋಡಿಕೊಂಡು ಕೂರಬೇಕಾದ ಬೆಳೆ ಅದು. ಬೀಜಕ್ಕೆ 150, ತೆನೆಗೆ 50 ಎಂದೆ. ಚಿಕ್ಕಪ್ಪ ತಕ್ಷಣ ಲುಕ್ಸಾನು ಎಂದರು. ಇಲ್ಲ, ಒಮ್ಮೆ ಕೊಯ್ದ ಮೇಲೆ ನಾಲ್ಕು ದಿನಕ್ಕೊಮ್ಮೆ ಮತ್ತೆ ತೆನೆ ಬಿಡುತ್ತದೆ, ಬೇಸಿಗೆಯ ಮೊದಲ ದಿನ ಹಾಕಿದರೆ ಎರಡು ಋತು ಸೇರಿ ಹನ್ನೊಂದು ಕೊಯ್ಲು ಎಂದೆ.

"ಕೊಯ್ದ ಮೇಲೆ ಮತ್ತೆ ತೆನೆ ಬಿಡೋಕೆ ಅದೇನು ಹುರುಳಿಕಾಯಾ? ಸೈನಿಕ ಹುಳು ಬರಲ್ವಾ?"

"ಇಲ್ಲ. ಕಾಗೆ ಬರುತ್ತೆ. ಬೆದರುಬೊಂಬೆ ಇಟ್ಟರೆ ಅದೂ ಬರಲ್ಲ."

"ಔಷಧ?"

"ಬೇಡ."

ಚಿಕ್ಕಪ್ಪನಿಗೆ ಬೇಜಾರಾಯಿತು ಅನಿಸುತ್ತದೆ. 2018ರಲ್ಲಿ ಆ ಹುಳು ಕರ್ನಾಟಕಕ್ಕೆ ಬಂದಾಗ ಅವರ ಅಂಗಡಿ ಮುಂದೆ ಜನ ಹೇಗೆ ನಿಂತಿದ್ದರು ಎಂದು ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. ಕೊನೆಗೆ ಮಾರಾಟ ಹೇಗೆ ಎಂದರು. ಮನೆ ಪಕ್ಕದ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಗ್ಗೆ ದುಡ್ಡು ಬಂದಿರುತ್ತದೆ ಎಂದೆ. ಕಮಿಷನ್ ಇಲ್ಲ, ಹಮಾಲಿ ಇಲ್ಲ, ತೇವ ಜಾಸ್ತಿ ಇದೆ ಎಂದು ಕಡಿತವೂ ಇಲ್ಲ. "ನಂಬಲ್ಲ. ಫೋಟೋ ಹಾಕು. ದುಡ್ಡಿಂದೂ ಹಾಕು," ಎಂದರು.

ಫೋಟೋಗೆ ಮೊದಲು ಇನ್ನೊಂದು ಮಾತು ಹೇಳಿಬಿಟ್ಟೆ. ಆಟ ಶುರುವಾಗುವುದೇ ಅಜ್ಜನ ಕಾಗದದಿಂದ. ಸಾಯುವ ಮುಂಚೆ ಅಜ್ಜ ಮೊಮ್ಮಗನ ಕೈಗೆ ಒಂದು ಲಕೋಟೆ ಕೊಟ್ಟಿರುತ್ತಾನೆ. ಮೊಮ್ಮಗ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇಸತ್ತ ದಿನ ಅದನ್ನು ಒಡೆದರೆ ಒಳಗೆ ಹೊಲದ ಪತ್ರ. ಮೂರನೇ ವರ್ಷದ ಮೊದಲ ದಿನ ಅಜ್ಜ ಬಂದು ಮೊಮ್ಮಗ ಹೇಗೆ ನಡೆಸಿದ್ದಾನೆ ಎಂದು ನೋಡುತ್ತಾನೆ. ಮೆಚ್ಚಿದಷ್ಟು ದೀಪ ಹತ್ತುತ್ತವೆ. ಪೂರ್ತಿ ಮೆಚ್ಚಿದರೆ ನಾಲ್ಕು.

ಅಕ್ಕ ಕೂಡಲೇ ಬರೆದಳು. "ನಮ್ಮಜ್ಜ ಬಂದು ನೋಡಿದ್ರೆ ಎಷ್ಟು ದೀಪ ಹತ್ತುತ್ತಿತ್ತೋ."

ಇದಕ್ಕೆ ಯಾರೂ ಮೂಲ ಕೇಳಲಿಲ್ಲ.

"ಯಾರಿಗೆ ಹೇಳ್ತಿದ್ದೀಯ ಅಂತ ಗೊತ್ತು," ಎಂದರು ದೊಡ್ಡಪ್ಪ. "ಹಳ್ಳದ ಹೊಲ ನಾನೊಬ್ಬನೇ ಮಾರಿಲ್ಲ. ನಾಲ್ಕೂ ಜನ ಸಹಿ ಹಾಕಿದ್ದೀವಿ. ನಿಮ್ಮಪ್ಪನೂ."

"ಅಪ್ಪ ಬೇಡ ಅಂದಿದ್ದರು."

"ಅಂದಿದ್ದರು. ಆಮೇಲೆ ಸಹಿ ಹಾಕಿ ಚೆಕ್ಕೂ ತಗೊಂಡರು. ಆ ದುಡ್ಡಲ್ಲೇ ನಿನ್ನ ಎಂಎಸ್ಸಿ ಆಯ್ತು."

ಚಿಕ್ಕಪ್ಪನೂ ಸೇರಿದರು. ಅವತ್ತು ಇನ್ನೆರಡು ವರ್ಷ ತಡೆಯಿರಿ ಎಂದಿದ್ದೆ, ಈಗ ಅಲ್ಲಿ ಅಡಿಕೆ ನಿಂತಿದೆ, ರೇಟು ಕೇಳಿದರೆ ತಲೆ ತಿರುಗುತ್ತದೆ ಎಂದರು. ಚನ್ನಗಿರಿ ಸೀಮೆಯಲ್ಲಿ ಹೊಲ ಮಾರಿದ ಯಾವ ಮನೆಗೆ ಹೋದರೂ ಈ ಮಾತು ಕೇಳಬಹುದು. ಅಡಿಕೆ ಫಲ ಕೊಡಲು ಆರೇಳು ವರ್ಷ ಬೇಕು, ಅಷ್ಟು ವರ್ಷ ನೀರು ಯಾರು ಹಾಯಿಸುತ್ತಿದ್ದರು ಎಂದು ದೊಡ್ಡಪ್ಪ ಕೇಳಿದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನೂ.

ಇಂಥ ಹೊತ್ತಿನಲ್ಲಿ ನಮ್ಮನ್ನು ಕಾಪಾಡುವುದು ದುರ್ಗದ ಮಾವ. ಏನೇ ನಡೆಯುತ್ತಿರಲಿ, ಅವರದು ಒಂದೇ ಫೋಟೋ. 2022ರಲ್ಲಿ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ಕೋಡಿ ಬಿದ್ದ ದಿನ ಅವರು ಪಂಚೆ ಎತ್ತಿ ಕಟ್ಟಿಕೊಂಡು ನಿಂತದ್ದು. "1933 ಆದ್ಮೇಲೆ ಇದೇ ಮೊದಲು. 89 ವರ್ಷ. ನಮ್ಮಪ್ಪ ನೋಡಲಿಲ್ಲ, ನಾನು ನೋಡಿದೆ." ಎಷ್ಟನೇ ಸಲವೋ ಈ ಫೋಟೋ. ಆದರೂ ನಾನು ಪ್ರತಿ ಸಲ ತೆರೆದು ನೋಡುತ್ತೇನೆ. ಅವರ ಮುಖದಲ್ಲಿ ಅಷ್ಟು ಖುಷಿ.

"ನೀರಿನ ಮಾತು ದಾವಣಗೆರೆಯವರಿಗೆ ಏನು ಗೊತ್ತು," ಎಂದು ಮುಂದುವರಿಸಿದರು ಮಾವ. "ಬೆಣ್ಣೆ ದೋಸೆ ತಿಂದುಕೊಂಡು ಭದ್ರಾ ಚಾನೆಲ್ ನೋಡಿಕೊಂಡು ಇದ್ದೀರಿ. 1997ರವರೆಗೆ ನೀವು ನಮ್ಮ ಜಿಲ್ಲೆಯ ಒಂದು ತಾಲ್ಲೂಕು."

"ನಾವಲ್ಲ," ಎಂದರು ಚಿಕ್ಕಪ್ಪ. "ನಮ್ಮದು ಚನ್ನಗಿರಿ. ಆಗ ಶಿವಮೊಗ್ಗ ಜಿಲ್ಲೆ."

"ಹಂಗಾದ್ರೆ ದಾವಣಗೆರೆ ಅಂತ ಯಾಕೆ ಹೇಳ್ಕೊಳ್ತೀರಿ?"

ಇದು ಒಂದು ಗಂಟೆ ನಡೆಯಿತು. ಜಗಳೂರಿನವರು ಬಂದರು, ಹರಪನಹಳ್ಳಿಯವರು ತಮ್ಮದು ಈಗ ಯಾವ ಜಿಲ್ಲೆ ಎಂದು ನಕ್ಕರು. ಬರೆಯಲು ಅದರಲ್ಲಿ ಏನೂ ಇಲ್ಲ.

ಮಧ್ಯಾಹ್ನ ಊಟ ಮಾಡಿ ಬಂದು, ಚಿಕ್ಕಪ್ಪ ಕೇಳಿದ್ದರಲ್ಲಾ ಎಂದು ಎರಡು ಸ್ಕ್ರೀನ್‌ಶಾಟ್ ಹಾಕಿದೆ. ಒಂದರಲ್ಲಿ ಜೋಳದ ಸಾಲು, ಪಕ್ಕದಲ್ಲಿ ನೀರು. ಆಟದಲ್ಲಿ ಹಲವು ಥರದ ಹೊಲಗಳಿವೆ. ನಾನು ಆರಿಸಿದ್ದು ಸುತ್ತ ನೀರು ಹರಿಯುವುದನ್ನು. ಇನ್ನೊಂದು ದುಡ್ಡಿನ ಪುಟ. ಹಾಕಿದ ಮೇಲೆ ನೋಡಿಕೊಂಡೆ. ದುಡ್ಡಿನ ಮೇಲೆ ಹೊಲದ ಹೆಸರೂ ಇತ್ತು. ಆ ಆಟದಲ್ಲಿ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದೆ. ಹಳ್ಳದಹೊಲ ಫಾರ್ಮ್.

ಅಳಿಸೋಣ ಎನ್ನುವಷ್ಟರಲ್ಲಿ ನೀಲಿ ಗೆರೆ ಬಂದಿತ್ತು.

ಯಾರೂ ಏನೂ ಬರೆಯಲಿಲ್ಲ. ಅಕ್ಕ ಆನ್‌ಲೈನ್ ಇದ್ದಳು, ಸುಮ್ಮನಿದ್ದಳು. ದೊಡ್ಡಪ್ಪ ಟೈಪಿಂಗ್ ಎಂದು ಬಂತು, ಹೋಯಿತು. ಮತ್ತೆ ಬಂತು. ಅವರು ಒಂದೇ ಬೆರಳಲ್ಲಿ ಟೈಪ್ ಮಾಡುವವರು.

"ಸಾಲು ಮೇಲಿಂದ ಕೆಳಕ್ಕೆ ಹೊಡೆದಿದ್ದೀಯ. ಹಳ್ಳದ ಕಡೆ ಇಳಿಜಾರು ಇದೆ. ಅಡ್ಡ ಹೊಡೀಬೇಕು. ಇಲ್ಲಾಂದ್ರೆ ಮೊದಲನೇ ಮಳೆಗೇ ಮಣ್ಣೆಲ್ಲಾ ಹಳ್ಳ ಸೇರುತ್ತೆ. ಅಪ್ಪ ಇದ್ದಿದ್ರೆ ಬಾರುಕೋಲು ತಗೊಳ್ಳೋರು."

ಅದರಲ್ಲಿ ನೆಲ ಸಮತಟ್ಟು ದೊಡ್ಡಪ್ಪ ಎಂದು ಬರೆದೆ. ಅಳಿಸಿದೆ. "ಆಯ್ತು. ಮುಂದಿನ ಸಲ ಅಡ್ಡ ಹೊಡೀತೀನಿ," ಎಂದು ಕಳಿಸಿದೆ.

ಹೆಬ್ಬೆರಳು ಬಂತು.

ರಾತ್ರಿ ಉಂಡು ಒಂದು ದಿನ ಆಡಿದೆ. ಟಿವಿಯಲ್ಲಿ ನಾಳೆ ಮಳೆ ಎಂದಿತು. ಜೋಳಕ್ಕೆ ಒಂಬತ್ತು ದಿನ ಆಗಿತ್ತು. ಇನ್ನು ಐದು.