ಬಾಡಿಗೆ ಕಟ್ಟಡದ ರೆಸ್ಟೋರೆಂಟ್‌ಗೆ ವಿಮೆ: ಪ್ಯಾಕೇಜ್ ಸಾಕೇ, ಬಿಡಿಬಿಡಿಯಾಗಿ ಮಾಡಿಸಬೇಕೇ?

ಪ್ರಶ್ನೆ

60 ಸೀಟಿನ ರೆಸ್ಟೋರೆಂಟ್, ಬಾಡಿಗೆ ಕಟ್ಟಡ. ಗ್ಯಾಸ್ ಒಲೆಗಳು, ಎರಡು ಡೀಪ್ ಫ್ರೈಯರ್, ಒಂದು ಕೋಲ್ಡ್ ರೂಮ್. ಕೆಲಸಕ್ಕೆ 14 ಜನ, ಅದರಲ್ಲಿ ನಾಲ್ವರು ಅರೆಕಾಲಿಕ. ಎರಡು ಕೊಟೇಶನ್ ಕೈಯಲ್ಲಿವೆ: ಒಂದು ಪ್ಯಾಕೇಜ್ ಪಾಲಿಸಿ, ಇನ್ನೊಂದರಲ್ಲಿ ಬೆಂಕಿ, ಹೊಣೆಗಾರಿಕೆ, ಕೆಲಸಗಾರರ ಪರಿಹಾರ ಎಲ್ಲ ಬೇರೆಬೇರೆ. ಪ್ಯಾಕೇಜ್ ಅಗ್ಗ. ಕಟ್ಟಡಕ್ಕೆ ಮಾಲೀಕರದ್ದೇ ವಿಮೆ ಇದೆ. ಏನೇನು ನೋಡಿ ಆರಿಸಬೇಕು?

ಉತ್ತರ 1

ಪ್ರೀಮಿಯಂ ಸದ್ಯ ಬದಿಗಿಡಿ. ಮೊದಲು ವಿಮಾ ಮೊತ್ತ ಸರಿಯಿದೆಯೇ ನೋಡಿ, ಎಡವುವುದು ಹೆಚ್ಚಾಗಿ ಅಲ್ಲೇ.

ಮಾಲೀಕರ ವಿಮೆ ಸಾಮಾನ್ಯವಾಗಿ ಅವರ ಗೋಡೆ, ಸೂರಿಗೆ. ನೀವು ಹಾಕಿಸಿದ ಟೈಲ್ಸ್, ಫಾಲ್ಸ್ ಸೀಲಿಂಗ್, ಎಕ್ಸಾಸ್ಟ್ ಡಕ್ಟ್ (ಅಡುಗೆಮನೆಯ ಹೊಗೆ ಹೊರಹಾಕುವ ಕೊಳವೆ), ಗ್ಯಾಸ್ ಪೈಪ್‌ಲೈನ್ ಅದರಲ್ಲಿ ಬರುತ್ತವೆ ಎಂದು ನಂಬಿಕೊಳ್ಳಬೇಡಿ. ಅವುಗಳನ್ನು ನಿಮ್ಮ ಪಾಲಿಸಿಯಲ್ಲಿ ‘ಬಾಡಿಗೆದಾರ ಮಾಡಿಸಿದ ಒಳಾಂಗಣ’ ಎಂದು ಪ್ರತ್ಯೇಕವಾಗಿ ಬರೆಸಿ.

ಸಾಮಾನಿನ ಬೆಲೆಯನ್ನು ಇವತ್ತು ಹೊಸದು ಕೊಳ್ಳಲು ಬೇಕಾದ ದರದಲ್ಲಿ ಹಾಕಿ, ಪಾಲಿಸಿಯೂ ಅದೇ ಆಧಾರದ್ದಿರಲಿ. ಇಲ್ಲವಾದರೆ ಸವಕಳಿ ಕಳೆದೇ ಕೊಡುತ್ತಾರೆ. ಕಡಿಮೆ ಬರೆಸಿದರೆ ಇನ್ನೊಂದು ಪೆಟ್ಟು: ಬೆಲೆ 100 ಇದ್ದು 60ಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 20ರ ನಷ್ಟಕ್ಕೆ ಸಿಗುವುದು 12. ಚಿಕ್ಕ ನಷ್ಟಕ್ಕೂ ಈ ಸರಾಸರಿ ಷರತ್ತು ಅನ್ವಯಿಸುತ್ತದೆ. ಅಗ್ಗದ ಪ್ಯಾಕೇಜ್ ಎಷ್ಟೋ ಸಲ ಅಗ್ಗವಾಗಿರುವುದು ಇದೇ ಕಾರಣಕ್ಕೆ.

ಉತ್ತರ 2

ಮೇಲಿನವರು ಸಾಮಾನಿನ ಲೆಕ್ಕ ಹೇಳಿದ್ದಾರೆ. ಆದರೆ ಬೆಂಕಿ ಬಿದ್ದ ಮೇಲೆ ಅಂಗಡಿಯನ್ನು ಮುಳುಗಿಸುವುದು ಬಾಗಿಲು ಹಾಕಿದ ತಿಂಗಳುಗಳು. ಬಾಡಿಗೆ, ಸಾಲದ ಬಡ್ಡಿ, ಬಿಟ್ಟರೆ ಮತ್ತೆ ಸಿಗದ ಅಡುಗೆಯವರ ಸಂಬಳ, ಯಾವುದೂ ನಿಲ್ಲುವುದಿಲ್ಲ. ಹಾಗಾಗಿ ವ್ಯಾಪಾರ ಸ್ಥಗಿತದ ವಿಮೆ ಬೇಕು.

ಈ ವಿಮೆಯ ಮೊತ್ತ ‘ಒಟ್ಟು ಲಾಭ’ದ ಮೇಲೆ ನಿಲ್ಲುತ್ತದೆ, ಹಾಗೆಂದರೆ ನಿಮ್ಮ ಜೇಬಿಗೆ ಉಳಿಯುವುದಲ್ಲ. ವ್ಯಾಪಾರ 100, ದಿನಸಿ, ಪ್ಯಾಕಿಂಗ್‌ನಂಥ ಏರಿಳಿಯುವ ಖರ್ಚು 35 ಎಂದಾದರೆ ವಿಮೆ ಉಳಿದ 65ಕ್ಕೆ ಬೇಕು, ಕೊನೆಯಲ್ಲಿ ಉಳಿಯುವ 8ಕ್ಕಲ್ಲ. ಪರಿಹಾರದ ಅವಧಿ, ಅಂದರೆ ನಷ್ಟವನ್ನು ಎಷ್ಟು ತಿಂಗಳವರೆಗೆ ತುಂಬಿಕೊಡುತ್ತಾರೆ ಎಂಬುದು, 12 ತಿಂಗಳಿಗಿಂತ ಕಡಿಮೆ ಬೇಡ. ರಿಪೇರಿ, ಪರವಾನಗಿ, ಮರುತಪಾಸಣೆ, ಆಮೇಲೆ ಗಿರಾಕಿಗಳು ವಾಪಸ್ಸು ಬರುವವರೆಗಿನ ಮಂದಗತಿ, ಎಲ್ಲ ಸೇರುತ್ತದೆ.

ಇನ್ನೊಂದು: ಸಾಮಾನ್ಯವಾಗಿ ಇದು ನಿಮ್ಮ ಜಾಗದಲ್ಲಿ ವಿಮೆಯಿರುವ ಹಾನಿ ಆದರೆ ಮಾತ್ರ ಕೊಡುವಂಥದ್ದು. ಪಕ್ಕದ ಕಟ್ಟಡದ ಬೆಂಕಿಯಿಂದ ರಸ್ತೆ ಮುಚ್ಚಿದರೆ, ಅಧಿಕಾರಿಗಳು ಬೀಗ ಹಾಕಿದರೆ ಅದಕ್ಕೆ ಬೇರೆ ವಿಸ್ತರಣೆ ಸೇರಿಸಿರಬೇಕು.

ಉತ್ತರ 3

ಕ್ಲೇಮು ತಿರಸ್ಕಾರವಾಗುವುದು ಹೆಚ್ಚಾಗಿ ಷರತ್ತಿನ ಪುಟದಲ್ಲಿ. ಎರಡು ಫ್ರೈಯರ್ ಇರುವ ಅಡುಗೆಮನೆಗೆ ಡಕ್ಟ್ ಶುಚಿಯ ಷರತ್ತು ಇದ್ದೇ ಇರುತ್ತದೆ ಎಂದುಕೊಳ್ಳಿ. ಒಲೆಯ ಮೇಲಿನ ಹೊಗೆ ಹೀರುವ ಹುಡ್‌ನ ಫಿಲ್ಟರ್ ಒರೆಸಿದರೆ ಸಾಲದು. ಫಿಲ್ಟರ್ ದಾಟಿದ ಜಿಡ್ಡು ಡಕ್ಟ್‌ನ ತಿರುವುಗಳಲ್ಲಿ, ಫ್ಯಾನಿನ ರೆಕ್ಕೆಗಳಲ್ಲಿ ಅಂಟಿ ಕೂರುತ್ತದೆ, ಒಲೆಯ ಜ್ವಾಲೆ ಒಳಕ್ಕೆ ಹೊಕ್ಕರೆ ಸೂರಿನವರೆಗೂ ಓಡುತ್ತದೆ. ವಾಣಿಜ್ಯ ಅಡುಗೆಮನೆಗಳ ಬೆಂಕಿ ಸುರಕ್ಷತೆಗಿರುವ ಅಮೆರಿಕದ ಎನ್‌ಎಫ್‌ಪಿಎ 96 ಮಾನದಂಡದ ಪ್ರಕಾರ ಕಟ್ಟಿಗೆ, ಇದ್ದಿಲ ಒಲೆಗೆ ತಿಂಗಳಿಗೊಮ್ಮೆ, ಭಾರೀ ಅಡುಗೆಗೆ ಮೂರು ತಿಂಗಳಿಗೊಮ್ಮೆ, ಮಧ್ಯಮಕ್ಕೆ ಆರು ತಿಂಗಳಿಗೊಮ್ಮೆ ತಪಾಸಣೆ. ನಿಮ್ಮ ಪಾಲಿಸಿಯಲ್ಲಿ ಬರೆದ ಅವಧಿಯೇ ನಿಮಗೆ ಅಂತಿಮ. ಪ್ರತಿ ಸಲದ ಬಿಲ್ಲು, ಮೊದಲು-ನಂತರದ ಫೋಟೋ ಅಂಗಡಿಯಲ್ಲಲ್ಲದೆ ಬೇರೆ ಕಡೆಯೂ ಇಡಿ. ಅಂಗಡಿಯೇ ಸುಟ್ಟರೆ ಫೈಲೂ ಸುಡುತ್ತದಲ್ಲ.

ಎಣ್ಣೆಯ ಬೆಂಕಿಗೆ ವೆಟ್ ಕೆಮಿಕಲ್ ನಂದಕವೇ ಬೇಕು. ಅದು ಬಿಸಿ ಎಣ್ಣೆಯೊಂದಿಗೆ ಸೇರಿ ಸಾಬೂನಿನಂಥ ಪದರ ಕಟ್ಟಿ, ಎಣ್ಣೆಯನ್ನು ತಣಿಸುತ್ತದೆ. ಪುಡಿಯ ನಂದಕ ಜ್ವಾಲೆ ಆರಿಸಿದರೂ ಎಣ್ಣೆ ಬಿಸಿಯೇ ಇರುವುದರಿಂದ ಮತ್ತೆ ಹೊತ್ತಿಕೊಳ್ಳಬಹುದು.

ಪ್ರಶ್ನೆ ಕೇಳಿದವರು

ಉಪಯೋಗವಾಯಿತು. ಕೋಲ್ಡ್ ರೂಮಿನ ಮಾಲು ಕೆಟ್ಟರೆ? ಡೆಲಿವರಿ ಹುಡುಗರು ತಮ್ಮದೇ ಬೈಕಿನಲ್ಲಿ ಹೋಗುತ್ತಾರೆ, ಅದಕ್ಕೂ ಬೇರೆ ಬೇಕಾ?

ಉತ್ತರ 4

ಕಂಪ್ರೆಸರ್ ಸುಟ್ಟರೆ ರಿಪೇರಿಗೆ ಯಂತ್ರ ಕೆಡುವಿಕೆಯ ವಿಮೆ. ಒಳಗಿನ ಮಾಲಿಗೆ ಅದರ ಜೊತೆ ‘ಶೀತಲ ದಾಸ್ತಾನು ಹಾಳು’ ಎಂಬ ವಿಭಾಗ ಬೇಕು. ಕರೆಂಟ್ ಕಂಪನಿಯ ಕಡೆಯಿಂದಲೇ ಪೂರೈಕೆ ನಿಂತರೆ ಸೇರುತ್ತದೋ ಇಲ್ಲವೋ ಕೇಳಿ, ಹಲವು ಕಡೆ ಸೇರಿರುವುದಿಲ್ಲ. ದಿನಕ್ಕೆ ಎರಡು ಸಲವಾದರೂ ತಾಪಮಾನ ಬರೆದಿಡಿ, ನಷ್ಟ ಅಳೆಯಲು ಬರುವ ಸರ್ವೇಯರ್ ಮೊದಲು ಕೇಳುವುದು ಆ ಪುಸ್ತಕ.

ಬೈಕಿನದು ಗಂಭೀರ. ಸ್ವಂತ ಬಳಕೆಯ ವಿಮೆ ಎಷ್ಟೋ ವೇಳೆ ಬಾಡಿಗೆಗೆ ಸರಕು ಸಾಗಿಸುವುದನ್ನು ಹೊರಗಿಡುತ್ತದೆ. ಅಪಘಾತವಾದರೆ ಗಾಯಾಳು ನಿಮ್ಮ ಬಾಗಿಲಿಗೇ ಬರುತ್ತಾರೆ. ಪ್ರತಿ ಬೈಕಿನ ಪಾಲಿಸಿ ತರಿಸಿ ಓದಿ. ಹುಡುಗನಿಗೇ ಪೆಟ್ಟಾದರೆ ಅದು ಕೆಲಸಗಾರರ ಪರಿಹಾರದಲ್ಲಿ ಬರಬೇಕು. ಅರೆಕಾಲಿಕದವರನ್ನೂ ಸೇರಿಸಿ ನಿಜವಾದ ಸಂಬಳದ ಪಟ್ಟಿ ಕೊಡಿ.

ಹೊಣೆಗಾರಿಕೆಯಲ್ಲಿ ನೆಲ ಜಾರಿ ಬಿದ್ದವರದ್ದು ಒಂದು ವಿಭಾಗ, ಬಡಿಸಿದ ಆಹಾರದಿಂದ ಕಾಯಿಲೆ ಬಿದ್ದವರದ್ದು ಇನ್ನೊಂದು. ಮೊದಲನೆಯದಷ್ಟೇ ಇರುವ ಪ್ಯಾಕೇಜ್ ರೆಸ್ಟೋರೆಂಟ್‌ಗೆ ಅರ್ಧ ಪಾಲಿಸಿ.

ಪ್ಯಾಕೇಜೋ ಬಿಡಿಯೋ ಎಂಬುದಕ್ಕೆ ನನ್ನ ಒಲವು ಪ್ಯಾಕೇಜ್ ಕಡೆಗೆ, ಈ ವಿಭಾಗಗಳೆಲ್ಲ ಇದ್ದು ಪ್ರತಿಯೊಂದರ ಮಿತಿ ಸಾಲುವಂತಿದ್ದರೆ ಮಾತ್ರ. ನವೀಕರಣದ ದಿನಾಂಕ ಒಂದೇ ಆಗುತ್ತದೆ. ಇಬ್ಬರು ಏಜೆಂಟರಿಗೂ ಒಂದೇ ಪಟ್ಟಿ, ಒಂದೇ ಮೊತ್ತ ಕೊಟ್ಟು ಮತ್ತೆ ಕೊಟೇಶನ್ ತರಿಸಿ. ‘ಅದೆಲ್ಲ ಕವರ್ ಆಗುತ್ತೆ ಬಿಡಿ ಸರ್’ ಎಂದರೆ, ಯಾವ ಪುಟದಲ್ಲಿದೆ ಎಂದು ಇಮೇಲ್‌ನಲ್ಲಿ ಬರೆದುಕೊಡಲು ಹೇಳಿ.