ಸಹಾಯ ಬೇಕು: ಕ್ಯಾರವಾನ್‌ಗೆ ನೇರ ನಲ್ಲಿ ನೀರು

ನಮಸ್ಕಾರ. ಅಪ್ಪ, ಅಮ್ಮನೊಂದಿಗೆ ಕ್ಯಾರವಾನಿನಲ್ಲಿ (ಒಳಗೇ ಹಾಸಿಗೆ, ಸಿಂಕು ಇರುವ ಗಾಡಿ) ಕಾರವಾರಕ್ಕೆ ಬಂದಿದ್ದೇವೆ. ತಂಗಿರುವ ಜಾಗದಲ್ಲಿ ಪ್ರತಿ ವಾಹನಕ್ಕೂ ಪ್ರತ್ಯೇಕ ನಲ್ಲಿ ಇದೆ. ಕ್ಯಾನು ಹೊತ್ತು ಸಾಕಾಗಿ, ನಿನ್ನೆ ತೋಟದ ಪೈಪನ್ನೇ ನಲ್ಲಿಗೂ ಗಾಡಿಗೂ ಸಿಕ್ಕಿಸಿದೆ. ಹತ್ತು ನಿಮಿಷದೊಳಗೆ ಸಿಂಕಿನ ಕೆಳಗಿನ ಕೊಳವೆಯ ಕ್ಲಿಪ್ ಕಿತ್ತುಕೊಂಡು ನೀರು ಅಮ್ಮನ ಹಾಸಿಗೆಯವರೆಗೂ ಹರಿಯಿತು. ನಲ್ಲಿಯ ಹಿಂದೆ ಪ್ರೆಶರ್ ಪಂಪ್ ಇರುವುದು ಆಮೇಲೆ ತಿಳಿಯಿತು. ಗಾಡಿಯೊಳಗಿನ ತೆಳು ಕೊಳವೆಗಳು ಗಾಡಿಯದೇ ಸಣ್ಣ ಪಂಪಿನ ಒತ್ತಡಕ್ಕಷ್ಟೇ ಮಾಡಿದಂಥವು.

ಅರ್ಧ ಇಂಚಿನ, ನೀರಿನ ಒತ್ತಡವನ್ನು ಒಂದೂವರೆ ಬಾರ್‌ಗೆ (ಒತ್ತಡದ ಅಳತೆ) ಇಳಿಸಬಹುದಾದ ಪ್ರೆಶರ್ ರೆಗ್ಯುಲೇಟರ್ ಕಾರವಾರದಲ್ಲಿ ಎಲ್ಲಿ ಸಿಗುತ್ತದೆ? ಅಂಕೋಲಾ, ಕುಮಟಾಕ್ಕಾದರೂ ಹೋಗುತ್ತೇನೆ. ಬಿಸಿಲಿಗೆ ಕಾದ ತೋಟದ ಪೈಪಿನ ನೀರು ರಬ್ಬರ್ ವಾಸನೆ ಹೊಡೆಯುತ್ತದೆ. ಕುಡಿಯುವ ನೀರಿಗೆಂದೇ ಮಾಡಿದ ಪೈಪೂ ಬೇಕು. ನೀರು ಹಿಂದಕ್ಕೆ ಹರಿಯದಂತೆ ನಾನ್ ರಿಟರ್ನ್ ವಾಲ್ವನ್ನು ರೆಗ್ಯುಲೇಟರಿಗಿಂತ ಮೊದಲು ಹಾಕಬೇಕೇ, ನಂತರವೇ? ಜೋಡಿಸಿ ಅನುಭವವಿರುವವರು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಕ್ಯಾನೇ ಗತಿ.