ಮುಟ್ಟು ನಿಲ್ಲುವ ವಯಸ್ಸಿಗೆ ಹಾರ್ಮೋನ್ ತೊಗೊಳ್ಳಲಾ, ಬೇಡವಾ? ಅನುಭವ ಇದ್ದವರು ಹೇಳಿ

ಕುವೆಂಪುನಗರ: ನನಗೆ 47. ಏಳು ತಿಂಗಳಿಂದ ಮುಟ್ಟಾಗಿಲ್ಲ. ರಾತ್ರಿ ಎರಡು ಗಂಟೆಗೆ ಎದೆಯಿಂದ ಕತ್ತಿನವರೆಗೆ ಬಿಸಿ ಏರಿ ನೈಟಿ ಒದ್ದೆಯಾಗುತ್ತದೆ. ಡಾಕ್ಟರ್ ಹಾರ್ಮೋನ್ ಬರೆದಿದ್ದಾರೆ. ಚೀಟಿ ಹತ್ತು ದಿನದಿಂದ ಪರ್ಸಿನಲ್ಲೇ ಇದೆ.

ಸರಸ್ವತಿಪುರಂ: ನನಗೀಗ 54, ಮೂರು ವರ್ಷದಿಂದ ತೊಗೊಳ್ತಿದ್ದೇನೆ. ಕೈಗೆ ಹಚ್ಚುವ ಈಸ್ಟ್ರೋಜನ್ ಜೆಲ್, ರಾತ್ರಿಗೆ ಪ್ರೊಜೆಸ್ಟೆರಾನ್. ಗರ್ಭಕೋಶ ಇದ್ದವರಿಗೆ ಎರಡೂ ಬೇಕು, ಈಸ್ಟ್ರೋಜನ್ ಒಂದೇ ಆದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ತಿಂಗಳಿಗೆ 1,150 ರೂಪಾಯಿ. ಮೊದಲ ಎರಡು ತಿಂಗಳು ಚೂರುಚೂರು ರಕ್ತ ಕಾಣಿಸಿತು, ಸ್ಕ್ಯಾನಿಂಗಿಗೆ 1,400 ಹೋಯಿತು. ಒಮ್ಮೆ ಜೆಲ್ ಸಿಗದೆ ಅಗ್ರಹಾರದಿಂದ ಒಂಟಿಕೊಪ್ಪಲಿನವರೆಗೆ ಐದು ಮೆಡಿಕಲ್ ಸ್ಟೋರ್ ಅಲೆದೆ. ಆರು ದಿನ ಹಚ್ಚಲಿಲ್ಲ, ಏಳನೇ ರಾತ್ರಿ ಮತ್ತೆ ಫ್ಯಾನ್ ಕೆಳಗೆ ಕೂತಿದ್ದೆ. ನಮ್ಮ ಅತ್ತಿಗೆ ಇವತ್ತಿಗೂ "ಕ್ಯಾನ್ಸರ್ ಬರುತ್ತೆ" ಅಂತಾರೆ. ಆ ಹೆದರಿಕೆ ಹುಟ್ಟಿದ್ದು ಈ ಹಾರ್ಮೋನ್ ಬಗ್ಗೆ 2002ರಲ್ಲಿ ಬಂದ ಅಮೆರಿಕದ ಅಧ್ಯಯನದಿಂದ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸೇ 63. ನಾನು ಶುರು ಮಾಡಿದ್ದು 51ಕ್ಕೆ. ಹೆದರಬೇಡಿ.

ಪಾಂಡವಪುರ: ಎಲ್ಲರಿಗೂ ಒಂದೇ ಮಾತು ಹೇಳಬೇಡಿ ಅಕ್ಕ. ನನಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ನನ್ನಂಥವರಿಗೆ ಹಾರ್ಮೋನ್ ಕೊಡುವುದಿಲ್ಲ. ಖಿನ್ನತೆಗೆ ಕೊಡುವ ಮಾತ್ರೆಯನ್ನೇ ಸಣ್ಣ ಡೋಸಿನಲ್ಲಿ ಬರೆದರು, ಅದೂ ಈ ಬಿಸಿಯನ್ನು ತಗ್ಗಿಸುತ್ತದಂತೆ. ಮೊದಲ ವಾರ ಬರೀ ವಾಕರಿಕೆ. ಅಂಗಡಿ ಹುಡುಗ ಚೀಟಿ ನೋಡಿ "ಡಿಪ್ರೆಶನ್ ಮಾತ್ರೆ ಯಾರಿಗೆ?" ಅಂತ ಜೋರಾಗಿ ಕೇಳಿದ. ನಮ್ಮ ಬೀದಿಯವರು ಮೂವರು ಅಲ್ಲೇ ನಿಂತಿದ್ದರು. ಆದರೂ ನುಂಗಿದೆ. ಈಗ ರಾತ್ರಿ ಒಂದೇ ಸಲ ಎಚ್ಚರ ಆಗುತ್ತದೆ. ಮೂಳೆಗೆ ಮುದ್ದೆ ಇದ್ದರೆ ಬೇರೇನೂ ಬೇಡ.

ಮದ್ದೂರು: ಮುದ್ದೆ ಮಾತು ನನ್ನ ಹತ್ತಿರ ಬೇಡ. ಎರಡು ಹೊತ್ತೂ ಮುದ್ದೆ ಉಂಡವಳು ನಾನು. 38ಕ್ಕೆ ಜಾಸ್ತಿ ರಕ್ತ ಹೋಗ್ತಿತ್ತು. "ಎರಡು ಮಕ್ಕಳಾಗಿವೆಯಲ್ಲ, ಗರ್ಭಕೋಶ ಇನ್ಯಾಕೆ" ಅಂದರು. 62,000 ಆಯಿತು, ಬಳೆ ಅಡ ಇಟ್ಟೆ. ಅಂಡಾಶಯ ಎರಡನ್ನೂ ತೆಗೆದಿದ್ದಾರೆ ಅಂತ ಗೊತ್ತಾಗಿದ್ದು ಡಿಸ್ಚಾರ್ಜ್ ಹಾಳೆಯಿಂದ, ಅದೂ ಮಗಳು ಓದಿ ಹೇಳಿದ ಮೇಲೆ. ವಾರದೊಳಗೇ ಮೈ ಕುದಿಯಲು ಶುರುವಾಯಿತು. ಅಷ್ಟು ಚಿಕ್ಕ ವಯಸ್ಸಿಗೆ ತೆಗೆದರೆ ಸಾಮಾನ್ಯವಾಗಿ ಹಾರ್ಮೋನ್ ಕೊಡಬೇಕಂತೆ. ನನಗೆ ಯಾರೂ ಹೇಳಲಿಲ್ಲ. 45ಕ್ಕೆ ಹಿತ್ತಿಲ ಹೊಸ್ತಿಲು ಎಡವಿ ಕೈ ಊರಿದೆ, ಮಣಿಕಟ್ಟು ಮುರಿಯಿತು. ಮೂಳೆ ಸ್ಕ್ಯಾನಿಗೆ 2,800. ಮೂಳೆ ಎಷ್ಟು ಗಟ್ಟಿ ಅಂತ ಹೇಳುವ ಟಿ ಸ್ಕೋರ್ ಮೈನಸ್ 2.9. ಮೈನಸ್ 2.5ಕ್ಕೆ ಇಳಿದರೇ ಮೂಳೆ ಟೊಳ್ಳು ಅಂತ ಲೆಕ್ಕ.

ಸರಸ್ವತಿಪುರಂ: ಇನ್ನೊಬ್ಬ ಡಾಕ್ಟರನ್ನು ಕೇಳಬೇಕಿತ್ತು ಅಲ್ವಾ? ಸುಮ್ನೆ ಒಪ್ಪಿಕೊಂಡುಬಿಟ್ಟಿರಿ.

ಮದ್ದೂರು: ಸುಮ್ನೆ? ದಿನಕ್ಕೆ ಎಂಟು ಬಟ್ಟೆ ಬದಲಾಯಿಸಿಕೊಂಡು ಕಬ್ಬಿನ ಗದ್ದೆಗೆ ಊಟ ಹೊತ್ತಿದ್ದೇನೆ. ಐದು ಮೆಡಿಕಲ್ ಸ್ಟೋರ್ ಅಲೆದದ್ದನ್ನೇ ಕಷ್ಟ ಅಂತೀರಲ್ಲ.

ಶ್ರೀರಂಗಪಟ್ಟಣ: ಜಗಳ ಆಮೇಲೆ ಆಡಿ. ನಮ್ಮಮ್ಮನಿಗೆ ಮುಟ್ಟು ನಿಂತು ನಾಲ್ಕು ವರ್ಷದ ಮೇಲೆ ರಕ್ತ ಕಾಣಿಸಿತು. "ಮತ್ತೆ ಮುಟ್ಟಾಯ್ತು, ಮೈಗೆ ಒಳ್ಳೇದು" ಅಂತ ಖುಷಿಪಟ್ಟು ಐದು ತಿಂಗಳು ಮುಚ್ಚಿಟ್ಟರು. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ 11 ಮಿಲಿಮೀಟರ್ ದಪ್ಪ. ಬಯಾಪ್ಸಿಯಲ್ಲಿ ಕ್ಯಾನ್ಸರ್. ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಿ. ಅಮ್ಮ ಈಗ ಚೆನ್ನಾಗಿದ್ದಾರೆ, ಆ ಐದು ತಿಂಗಳು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಪಾಂಡವಪುರ: ಮದ್ದೂರಿನವರೇ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅದೂ ಸುಳ್ಳಾ?

ಮದ್ದೂರು: ಸುಳ್ಳಲ್ಲ ಕಣಕ್ಕ. ಹಾರ್ಮೋನ್ ಹೋದ ಮೇಲೆ ಮೂಳೆ ಸವೆಯುವುದನ್ನು ರಾಗಿ ಒಂದೇ ತಡೆಯಲ್ಲ. ನೀವು ಮೂಳೆ ಸ್ಕ್ಯಾನ್ ಮಾಡಿಸಿದ್ದೀರಾ?

ಪಾಂಡವಪುರ: ಇಲ್ಲ. ಆ 2,800 ಸೊಂಟ, ಬೆನ್ನು ಎರಡಕ್ಕೂ ಸೇರಿಯಾ?